ಅರಬ್ಬೀ ಸಮುದ್ರದ ಮೇಲೆ ಒಂದು ಬಿಸಿ ಊಟ

ದಸರಾ ರಜೆಯ ಒಂದು ಸಂಜೆ ನಾವು ಆರು ಮಂದಿ ತುಮಕೂರಿನ ರೈಲ್ವೆ ಸ್ಟೇಷನ್ನಿನಿಂದ ಸಮುದ್ರಯಾನಕ್ಕೆ ಹೊರಟೆವು. ಪ್ಲಾಟ್‌ಫಾರಂ ಈ ಚಾರಿತ್ರಿಕ ಘಟನೆಯನ್ನು ಗಮನಿಸಿದಂತೆ ಕಾಣಲಿಲ್ಲ. ಟೀ ಮಾರುವವನೊಬ್ಬ ಎಲ್ಲಿಗೆ ಪ್ರಯಾಣ ಎಂದು ಕೇಳಿದ. ಹಡಗಿಗೆ ಎಂದೆ. ಹಾಗಾದರೆ ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಬೇಕಾಗಬಹುದು ಎಂದು ಎಚ್ಚರಿಸಿ ಮುಂದೆ ಹೋದ.

ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅರಬ್ಬೀ ಸಮುದ್ರವನ್ನು ನೀಲಿ ಸೀಮೆಸುಣ್ಣದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಕಸುಬು. ಆದರೆ ಆ ನೀರಿನ ಮೇಲೆ ತೇಲಬೇಕೆಂಬ ಆಸೆ ನನ್ನದಲ್ಲ, ನನ್ನ ಹೆಂಡತಿ ಜಯಳದು. ಅವಳು ಹಾಕುತ್ತಿದ್ದ ಚೀಟಿ ಆ ವರ್ಷ ಅವಳಿಗೆ ಬಂತು. ನನ್ನ ತಾಯಿ ಫ್ರಿಜ್ ಎಂದರು. ನಾನು ಸ್ಕೂಟರು ಎಂದೆ. ಜಯ ಪೇಪರಿನಲ್ಲಿ ಬಂದಿದ್ದ ಜಾಹೀರಾತನ್ನು ತೋರಿಸಿದಳು. ಮುಂಬೈಯಿಂದ ಗೋವಾ, ಮತ್ತೆ ಮುಂಬೈ. ಊಟ, ತಿಂಡಿ, ವಾಸ ಎಲ್ಲವೂ ಹಡಗಿನಲ್ಲೇ.

"ಸಮುದ್ರ ನೋಡೋಕಲ್ಲ ಕಣ್ರೀ," ಎಂದಳು. "ಮದುವೆಯಾದಾಗಿಂದ ಒಂದು ದಿನಾನೂ ನಾನು ಬಿಸಿ ಅನ್ನ ಉಂಡಿಲ್ಲ. ಒಂದೇ ಒಂದ್ಸಲ, ಕೂತಿದ್ದ ಜಾಗಕ್ಕೆ ಬಿಸಿಯಾಗಿ ಬರಬೇಕು, ಮಧ್ಯ ಏಳದೆ ಉಣ್ಣಬೇಕು. ಅಷ್ಟೇ."

ಇದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಕಡೆ ಮನೆಗಳಲ್ಲಿ ಬಡಿಸುವವಳು ಕೊನೆಗೆ ಕೂರುತ್ತಾಳೆ. ಎಲ್ಲರದೂ ಮುಗಿದು ಅವಳು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಸಾರು ತಣ್ಣಗಾಗಿರುತ್ತದೆ. ಮೊದಲ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ನಮ್ಮ ಮಗ ಕಿಟ್ಟಿ ಬಚ್ಚಲಿಗೆ ಕರೆದುಕೊಂಡು ಹೋಗು ಎನ್ನುತ್ತಾನೆ. ಅವನಿಗೆ ಆಗ ಮೂರು ವರ್ಷ. ಅಕ್ಕ ಸ್ಮಿತಾಗೆ ಆರು. ಹಡಗಿನಲ್ಲಿ ಅಡುಗೆಮನೆ ಜಯಳದಲ್ಲ, ಅತಿಥಿಗಳು ಬೆಲ್ ಮಾಡುವುದಿಲ್ಲ. ಯೋಜನೆ ನಿರ್ದುಷ್ಟವಾಗಿತ್ತು.

ಉಳಿದಿಬ್ಬರು ಜಯಳ ತಮ್ಮ ಮಂಜುನಾಥ ಮತ್ತು ಅವನ ಹೆಂಡತಿ ಪುಷ್ಪಾ. ಮಂಜ ನಿಟ್ಟೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಆಗಷ್ಟೇ ಮದುವೆಯಾಗಿತ್ತು. ಪುಷ್ಪಾ ಕುಣಿಗಲ್ಲಿನ ಹುಡುಗಿ; ಮಗಳು ನೀರು ದಾಟುತ್ತಾಳೆಂದು ಅವಳ ತಾಯಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿ, ಜೊತೆಗೆ ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಡಬ್ಬಿಗಳನ್ನೂ ಕಟ್ಟಿ ಕಳಿಸಿದ್ದರು. ಗುಬ್ಬಿ ದಾಟಿ ನಿಟ್ಟೂರು ಬಂದಾಗ ನಮ್ಮ ಮಾವನವರು ರೈಲ್ವೆ ಗೇಟಿನ ಹತ್ತಿರ ಟಾರ್ಚು ಹಿಡಿದು ನಿಂತಿದ್ದರು. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಅವರು ಬಹಳ ಹೊತ್ತು ಕೈ ಬೀಸಿ ಆಶೀರ್ವದಿಸಿದ್ದು ಹಿಂದಿನ ಬೋಗಿಯವರನ್ನು.

ಮುಂಬೈ ಬಂದರಿನಲ್ಲಿ ಮೊದಲ ಪಾಠವಾಯಿತು. ಹೊರಗಿನ ತಿಂಡಿಯನ್ನು ಹಡಗಿನೊಳಗೆ ಬಿಡುವುದಿಲ್ಲ. ಓದುಗರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು; ನಾವು ವಿಚಾರಿಸಿರಲಿಲ್ಲ. ತಪಾಸಣೆಯ ಅಧಿಕಾರಿ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಳ ತೆಗೆಸಿ ನೋಡಿ, ಇಲ್ಲೇ ಬಿಡಿ ಅಥವಾ ಇಲ್ಲೇ ತಿನ್ನಿ ಎಂದ. ಜಯ ಕ್ಷಣವೂ ಯೋಚಿಸದೆ ಪೇಪರ್ ಹರಿದು, ಸಾಲಿನಲ್ಲಿದ್ದವರಿಗೆಲ್ಲ ಕೋಡುಬಳೆ ಹಂಚುತ್ತಾ ಹೋದಳು. ಅಧಿಕಾರಿಗೂ ಎರಡು ಸಿಕ್ಕವು. ತೆಂಗಿನಕಾಯಿಗಳು ಪೂಜಾ ಸಾಮಗ್ರಿಯೆಂದು ಒಳಗೆ ಹೋದವು. ಜಯ ಹಂಚಿದ ರೀತಿ ನೋಡಿ ಮುಂದೆ ಏನಾಗಲಿದೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಹಡಗು ನಮ್ಮ ಊರಿನ ಬಸ್‌ಸ್ಟ್ಯಾಂಡಿಗಿಂತ ಉದ್ದವಿತ್ತು, ಬಹಳ ಚೊಕ್ಕಟವಾಗಿಯೂ ಇತ್ತು. ಕೋಣೆಯ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಚಿಕ್ಕ ಮಕ್ಕಳಿರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಬೇಕು, ಅಲ್ಲಿ ಓಲಾಟ ಕಡಿಮೆ. ಕಿಟಕಿಗೆಂದು ಹೆಚ್ಚು ಕೊಡಬೇಕಾಗಿಲ್ಲ. ಕಿಟಕಿ ತೆರೆಯುವುದಿಲ್ಲ, ಮತ್ತು ಹೊರಗೆ ಹೋದರೆ ಸಮುದ್ರ ಪುಕ್ಕಟೆ. ಹೊಸದಾಗಿ ಮದುವೆಯಾದವರು ಮಂಚ ಒಂದೋ ಎರಡೋ ಎಂಬುದನ್ನು ಸಂಕೋಚವಿಲ್ಲದೆ ಮುಂಚೆಯೇ ಕೇಳಿ ತಿಳಿಯಬೇಕು. ಮಂಜ ಸಂಕೋಚಪಟ್ಟಿದ್ದ. ಅವನ ಕೋಣೆಯಲ್ಲಿ ರೈಲಿನ ಬರ್ತಿನಂತೆ ಒಂದರ ಮೇಲೊಂದು ಎರಡು ಮಂಚ, ನಡುವೆ ಕಬ್ಬಿಣದ ಏಣಿ ಇತ್ತು. ಅದನ್ನು ನೋಡಿ ಬಂದು, "ಭಾವ, ಟೀಟೀ ಒಬ್ಬ ಬಂದ್ರೆ ಎಲ್ಲಾ ಸರಿಹೋಗುತ್ತೆ," ಎಂದ.

ಹಡಗು ಸಂಜೆ ಹೊರಟಿತು. ಮುಂಬೈಯ ಕಟ್ಟಡಗಳು ಮೊದಲು ಬೆಂಕಿಪೊಟ್ಟಣಗಳಾಗಿ, ಆಮೇಲೆ ಬರೀ ಬೆಳಕಾಗಿ ಹಿಂದೆ ಸರಿದವು. ಜಯ ಸೆರಗು ಬಿಗಿದು, "ನಡೀರಿ, ಊಟಕ್ಕೆ," ಎಂದಳು.

ಊಟದ ಹಾಲಿನಲ್ಲಿ ಬಫೆ ಇತ್ತು. ಇಡೀ ಗುಬ್ಬಿ ಕೂರುವಷ್ಟು ಕುರ್ಚಿ. ಆದರೆ ಮಂಜ ಹುಟ್ಟಿನಿಂದ ಛತ್ರದ ಪಂಕ್ತಿಗಳಲ್ಲಿ ಉಂಡು ಬೆಳೆದವನು. ಮದುವೆ ಊಟದಲ್ಲಿ ಮುಂದಿನ ಪಂಕ್ತಿಯ ಜಾಗ ಬೇಕಾದರೆ ಈಗ ಉಣ್ಣುತ್ತಿರುವವರ ಬೆನ್ನ ಹಿಂದೆ ಹೋಗಿ, ಕುರ್ಚಿಯ ಮೇಲೆ ಕೈಯಿಟ್ಟು, ಅವರು ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಎಲೆಯನ್ನೇ ನೋಡುತ್ತಾ ನಿಲ್ಲಬೇಕು. ಅವನು ದಪ್ಪಗಿದ್ದ ಒಬ್ಬ ಗುಜರಾತಿ ಯಜಮಾನರನ್ನು ಆರಿಸಿಕೊಂಡು ಹಾಗೆಯೇ ನಿಂತ. ಯಜಮಾನರು ತಿರುಗಿ ನೋಡಿ ನೀರು ಕೇಳಿದರು. ಮಂಜ ತಂದುಕೊಟ್ಟ. ಹಪ್ಪಳ ಕೇಳಿದರು. ಅದನ್ನೂ ತಂದ. ಅವರು ಜೇಬಿಗೆ ಕೈ ಹಾಕಿದಾಗ ಪುಷ್ಪಾ ಬಂದು ಗಂಡನ ತೋಳು ಹಿಡಿದು ಎಳೆದಳು. "ಇದೇನು ನಿಮ್ಮೂರ ಛತ್ರಾನಾ? ಅಷ್ಟು ಕುರ್ಚಿ ಖಾಲಿ ಬಿದ್ದವೆ, ಕಾಣ್ಸಲ್ವಾ?"

"ಖಾಲಿ ಇದ್ರೆ ಯಾವನು ಕೂರ್ತಾನೆ," ಎಂದ ಮಂಜ. "ಊಟ ಚೆನ್ನಾಗಿರೋ ಕಡೆ ಜನ ಇರ್ತಾರೆ."

ಅತ್ತ ಜಯ ನಮ್ಮೆಲ್ಲರ ತಟ್ಟೆ ತುಂಬಿಸುತ್ತಿದ್ದಳು. ಅವಳ ಹಿಂದೆ ಬಂದ ಒಬ್ಬ ಅಜ್ಜಿಗೆ ಪಾತ್ರೆ ಎಟುಕಲಿಲ್ಲ. ಜಯ ಸೌಟಿನಿಂದ ದಾಲ್ ಬಡಿಸಿದಳು. ಅಜ್ಜಿಯ ಹಿಂದಿನವರು ತಟ್ಟೆ ಮುಂದೆ ಹಿಡಿದರು. ಅವರಿಗೂ ಬಡಿಸಿದಳು. ಸಾಲು ಬೆಳೆಯಿತು. ಸಮವಸ್ತ್ರದ ಇಬ್ಬರು ಸಿಬ್ಬಂದಿ ಕೈಕಟ್ಟಿ ಗೌರವದಿಂದ ಹಿಂದೆ ಸರಿದು ನಿಂತರು. ನಾನು ಎರಡು ಸಲ ಕರೆದೆ. ಒಂದು ನಿಮಿಷ ಇರಿ, ಇವರದೊಂದು ಆಗಲಿ ಎಂದಳು. ಭಾರತದ ಪಶ್ಚಿಮ ಭಾಗದ ಬಹುಪಾಲು ಜನ ಉಂಡ ಮೇಲೆ ಅವಳು ಬಂದು ಕೂತಳು. ಅನ್ನ ಮುಟ್ಟಿ ನೋಡಿದಳು; ತಣ್ಣಗಾಗಿತ್ತು. ಕಿಟ್ಟಿ ಬಚ್ಚಲಿಗೆ ಎಂದ.

ಮರುದಿನ ಬೆಳಿಗ್ಗೆ ಮಂಜ ಎಲ್ಲರಿಗಿಂತ ಮುಂಚೆ ಎದ್ದು ಮೇಲಿನ ಅಂತಸ್ತಿಗೆ ಹೋಗಿ, ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಕರ್ಚೀಫು, ಟವೆಲು, ನನ್ನ ಬನಿಯನ್ನು ಹಾಕಿ ಆರು ಒರಗು ಕುರ್ಚಿ ಕಾಯ್ದಿರಿಸಿ ಬಂದ. ನಾವು ಕಾಫಿ ಮುಗಿಸಿ ಹೋಗುವಷ್ಟರಲ್ಲಿ ಸಿಬ್ಬಂದಿ ಅವೆಲ್ಲವನ್ನೂ ಒಗೆಯಲು ಒಯ್ದಿದ್ದರು. ಬನಿಯನ್ನು ಇಸ್ತ್ರಿಯಾಗಿ, ಪ್ಲಾಸ್ಟಿಕ್ ಕವರಿನಲ್ಲಿ ವಾಪಸು ಬಂತು. ನನ್ನ ಬನಿಯನ್ನಿಗೆ ಅಂಥ ಮರ್ಯಾದೆ ಅದಕ್ಕೆ ಮುಂಚೆಯೂ ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ.

ಅಷ್ಟರಲ್ಲಿ ಗಾಳಿ ಎದ್ದು ಹಡಗು ಓಲಾಡತೊಡಗಿತು. ವಾಂತಿಯ ಮಾತ್ರೆಯನ್ನು ತಲೆ ತಿರುಗುವುದಕ್ಕೆ ಮುಂಚೆ ನುಂಗಬೇಕು, ಆಮೇಲೆ ನುಂಗಿದರೆ ಅದೂ ಉಳಿದದ್ದರ ಜೊತೆಗೆ ಹೊರಗೆ ಬರುತ್ತದೆ. ಹೊಟ್ಟೆ ಖಾಲಿ ಇರಬಾರದು, ಒಣ ಬ್ರೆಡ್ಡು ತಿನ್ನಬೇಕು. ಹೊರಗೆ ಬಂದು, ದೂರ ನೀರು ಆಕಾಶ ಸೇರುವ ಗೆರೆಯನ್ನು ನೋಡುತ್ತಾ ಕೂರಬೇಕು. ಇದನ್ನೆಲ್ಲ ಡಾಕ್ಟರು ಊರಿನಲ್ಲೇ ಹೇಳಿದ್ದರು. ಭೂಗೋಳದ ಮೇಷ್ಟ್ರಿಗೆ ಸಮುದ್ರ ಏನೂ ಮಾಡುವುದಿಲ್ಲವೆಂದು ನಾನು ನಂಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಐದು ಮಂದಿಯೂ ಮಲಗಿದ್ದೆವು. ಜಯ ಒಬ್ಬಳು ನೆಟ್ಟಗೆ ನಿಂತು, ಎರಡು ಕೋಣೆಗಳ ನಡುವೆ ನಿಂಬೆಹಣ್ಣು, ಬಕೆಟ್ಟು, ಒದ್ದೆ ಟವೆಲು ಹಿಡಿದು ಓಡಾಡಿದಳು. ಅವಳ ಊಟ ನಾವು ಬಿಟ್ಟ ಬ್ರೆಡ್ಡು.

ಅದರ ಮರುದಿನ ಗೋವಾದಲ್ಲಿ ಕೆಲವು ತಾಸು ಇಳಿದೆವು. ಬಿಸಿಲು ಚೆನ್ನಾಗಿತ್ತು, ಮಕ್ಕಳು ಮರಳಿನಲ್ಲಿ ಹೊರಳಿದರು. ಮಕ್ಕಳಿಗೆ ಟೋಪಿ, ನೀರು, ಒಂದು ಜೊತೆ ಒಣಬಟ್ಟೆ ಮರೆಯಬಾರದು. ವಾಪಸು ಬೇಗ ಬರಬೇಕು, ಹಡಗಿಗೆ ಶಿಳ್ಳೆ ಹೊಡೆದು ಕಾಯುವ ಕಂಡಕ್ಟರ್ ಇಲ್ಲ. ಹೋಟೆಲಿನಲ್ಲಿ ಜಯಳ ಮುಂದೆ ಹಬೆಯಾಡುವ ಅನ್ನ ಬಂತು. ಕಿಟ್ಟಿ ಅದಕ್ಕೆ ಒಂದು ಲೋಟ ನೀರು ಹೊಯ್ದ.

ಹಡಗು ಗೋವಾ ಬಿಟ್ಟ ಮೇಲೆ ಜಯ ಅಂಚಿನ ಕಂಬಿ ಹಿಡಿದು ನಿಂತಿದ್ದಳು. "ನಾಳೆ ಮುಂಬೈ," ಎಂದಳು. "ಹೋಗ್ಲಿ ಬಿಡ್ರೀ. ಹಡಗು ನೋಡಿದ್ವಲ್ಲ."

ಆ 'ಹೋಗ್ಲಿ ಬಿಡ್ರೀ' ನನಗೆ ಗೊತ್ತು. ಮನೆಯಲ್ಲಿ ದೋಸೆ ಹಿಟ್ಟು ಎಲ್ಲರಿಗೂ ಆಗಿ ಅವಳಿಗೆ ಮಾತ್ರ ಮುಗಿದಾಗ ಅದೇ ಧ್ವನಿಯಲ್ಲಿ ಹೇಳುತ್ತಾಳೆ. ನಾನು ಮಂಜನನ್ನೂ ಪುಷ್ಪಾಳನ್ನೂ ಕರೆದು ಸಭೆ ನಡೆಸಿದೆ. ಹಡಗಿನಲ್ಲಿ ಇನ್ನೊಂದು ಊಟದ ಹಾಲ್ ಇತ್ತು. ಅಲ್ಲಿ ಮೊದಲೇ ಹೇಳಿದರೆ ಮೇಜು ಕಾದಿರುತ್ತದೆ, ಅವರೇ ತಂದು ಬಡಿಸುತ್ತಾರೆ, ಬೇರೆ ಹಣವೂ ಇಲ್ಲ. ಮೊದಲ ದಿನವೇ ವಿಚಾರಿಸದಿದ್ದದ್ದು ನಮ್ಮ ಜಾಣತನ. ಮಕ್ಕಳಿಗೆ ಬಫೆಯಲ್ಲಿ ಬೇಗ ಉಣ್ಣಿಸಿ, ಆಟದ ಕೋಣೆಯಲ್ಲಿ ನಾನು ಕಾಯುವುದೆಂದಾಯಿತು. ಚಿಕ್ಕ ಮಕ್ಕಳ ತಂದೆತಾಯಿಗಳು ಹೊರಟ ದಿನದಿಂದಲೇ ಹೀಗೆ ಸರದಿ ಮಾಡಿಕೊಂಡರೆ ಇಬ್ಬರಿಗೂ ಸಮುದ್ರ ಕಾಣುತ್ತದೆ.

"ಅದೆಲ್ಲಾ ಸರಿ," ಎಂದಳು ಪುಷ್ಪಾ. "ಅತ್ತಿಗೆ ಕೂರಬೇಕಲ್ಲ? ಪಕ್ಕದ ಮೇಜಲ್ಲಿ ಯಾರೋ ಕೆಮ್ಮಿದ್ರೂ ನೀರು ತರೋಕೆ ಎದ್ದುಬಿಡ್ತಾರೆ."

ಆಗ ಮಂಜ ಅಂಗಿಯ ತೋಳು ಮಡಿಸಿದ.

"ಭಾವ, ನಂಗೆ ಬರೋ ವಿದ್ಯೆ ಒಂದೇ. ಅಕ್ಕನ ಕುರ್ಚಿ ಹಿಂದೆ ನಾನು ನಿಂತ್ಕತೀನಿ. ಏಳಲಿ ನೋಡೋಣ."

ಆ ಸಂಜೆ ಜಯ ರೇಷ್ಮೆ ಸೀರೆ ಉಟ್ಟು ಹೋಗಿ ಕೂತಳು. ಎದುರಿಗೆ ಪುಷ್ಪಾ. ಹಿಂದೆ ಕುರ್ಚಿಯ ಮೇಲೆ ಎರಡೂ ಕೈಯಿಟ್ಟು ಮಂಜ. ಆಟದ ಕೋಣೆಗೂ ಹಾಲಿಗೂ ನಡುವೆ ಗಾಜಿನ ಗೋಡೆಯಿತ್ತು. ಕಿಟ್ಟಿಯನ್ನು ಭುಜದ ಮೇಲೆ ಕೂರಿಸಿಕೊಂಡು ನಾನೂ, ಗಾಜಿಗೆ ಮೂಗೊತ್ತಿ ನಿಂತ ಸ್ಮಿತಾಳೂ ಎಲ್ಲವನ್ನೂ ಕಂಡೆವು. ಸಾರಿನಂಥ ಸೂಪು ಬಂತು. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಒಂದು ಚಮಚ ಬಿತ್ತು. ಜಯ ಬಗ್ಗಿದಳು. ಮಂಜ ಕುರ್ಚಿಯನ್ನು ಮೇಜಿಗೆ ಒತ್ತಿದ. ಯಾವುದೋ ಮಗು ಅತ್ತಿತು. ಜಯ ಎದ್ದಳು, ಮಂಜ ಒತ್ತಿದ, ಜಯ ಕೂತಳು. ಮೇಲ್ವಿಚಾರಕರು ಬಂದು ಮಂಜನಿಗೆ ಕುರ್ಚಿ ತೋರಿಸಿದರು. ಅವನು, ಪುಷ್ಪಾ ಆಮೇಲೆ ನಮಗೆಲ್ಲ ಹೇಳಿದಂತೆ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ತಾನು ಎರಡನೇ ಪಂಕ್ತಿಯವನೆಂದು ತಿಳಿಸಿದ. ಅವರಿಗೆ ಏನು ಅರ್ಥವಾಯಿತೋ, ತಲೆಬಾಗಿ ಹೋದರು.

ಆಮೇಲೆ ಮುಚ್ಚಳದ ಪಾತ್ರೆಯಲ್ಲಿ ಅನ್ನ ಬಂತು. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ನನ್ನ ಹೆಂಡತಿಯ ಮುಖ ಒಂದು ಕ್ಷಣ ಕಾಣಲಿಲ್ಲ. ಅವಳು ಚಮಚವನ್ನು ಪಕ್ಕಕ್ಕಿಟ್ಟು, ಕೈಯಿಂದ ಅನ್ನ ದಾಲ್ ಕಲಸಿ, ಮೊದಲ ತುತ್ತು ಬಾಯಿಗಿಟ್ಟಳು. ತಟ್ಟನೆ ಬಾಯಿ ತೆರೆದು ಕೈ ಬೀಸಿಕೊಂಡಳು. ಪುಷ್ಪಾ ನೀರು ಮುಂದೆ ಮಾಡಿದಳು, ಜಯ ಬೇಡವೆಂದು ತಲೆಯಾಡಿಸಿ ಎರಡನೆಯ ತುತ್ತು ಎತ್ತಿದಳು. ನಿಧಾನವಾಗಿ, ಎಲ್ಲವನ್ನೂ, ಕೊನೆಯ ಅಗುಳಿನವರೆಗೆ ಉಂಡಳು. ಆಮೇಲೆ ಗಾಜಿನಾಚೆ ನಿಂತ ನನ್ನ ಕಡೆ ನೋಡಿ, ನಾಲಿಗೆಯನ್ನು ಹೊರಚಾಚಿ ತೋರಿಸಿದಳು. ನಾಲಿಗೆ ಸುಟ್ಟಿತ್ತು. ಅದಕ್ಕಿಂತ ದೊಡ್ಡ ವಿಜಯವನ್ನು ನಾನು ಇತಿಹಾಸದ ಪುಸ್ತಕಗಳಲ್ಲೂ ಓದಿಲ್ಲ. ಕಿಟ್ಟಿ ಭುಜದ ಮೇಲಿಂದ, ಬಚ್ಚಲಿಗೆ ಎಂದ. ನಾನೇ ಕರೆದುಕೊಂಡು ಹೋದೆ.

ಮರುದಿನ ಬೆಳಿಗ್ಗೆ ಮುಂಬೈ ಬರುವುದಕ್ಕೆ ಮುಂಚೆ ಪುಷ್ಪಾಳ ತೆಂಗಿನಕಾಯಿಗಳನ್ನು, ಕೇಳಿದರೆ ಬೇಡವೆನ್ನಬಹುದೆಂದು ಯಾರನ್ನೂ ಕೇಳದೆ, ಸಮುದ್ರಕ್ಕೆ ಅರ್ಪಿಸಿದೆವು. ಅವು ತೇಲುತ್ತಾ ಸ್ವಲ್ಪ ದೂರ ನಮ್ಮ ಹಿಂದೆಯೇ ಬಂದವು.

ತುಮಕೂರು ಮುಟ್ಟಿದ ಸಂಜೆ ನನ್ನ ತಾಯಿ ಬಾಗಿಲಲ್ಲೇ ನಿಂತು, "ಏನೇ ಜಯ, ಸಮುದ್ರ ಹೆಂಗಿತ್ತೇ?" ಎಂದು ಕೇಳಿದರು.

"ಬಿಸಿಯಾಗಿತ್ತು ಅತ್ತೆ," ಎಂದಳು ಜಯ.

ಮುಖ ತೊಳೆದು ನೇರ ಒಲೆಯ ಮುಂದೆ ಹೋದಳು. ಅನ್ನ, ಹುಳಿ ಆಯಿತು. ಎಲ್ಲರೂ ಊಟಕ್ಕೆ ಬಂದೆವು. ಅಭ್ಯಾಸದಂತೆ ಅವಳು ಸೌಟು ಹಿಡಿದು ನಿಂತಳು. ಆಗ ಸ್ಮಿತಾ ಒಂದು ಕುರ್ಚಿ ಎಳೆದು ಅಮ್ಮನನ್ನು ಕೂರಿಸಿ, ಹಿಂದೆ ಹೋಗಿ ತನ್ನ ಪುಟ್ಟ ಕೈಗಳನ್ನು ಅದರ ಬೆನ್ನಿಗೆ ಒತ್ತಿ ನಿಂತಳು.

"ಅಮ್ಮ ಏಳಂಗಿಲ್ಲ," ಎಂದಳು. "ನಾನು ಎರಡನೇ ಪಂಕ್ತಿ."

ನನ್ನ ತಾಯಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಹಡಗಿನ ಮೇಲ್ವಿಚಾರಕರಂತೆ ತಲೆಬಾಗಿ ಜಯಳ ಕೈಯಿಂದ ಸೌಟು ತೆಗೆದುಕೊಂಡೆ. ಅನ್ನದಿಂದ ಹಬೆ ಏಳುತ್ತಿತ್ತು.