ಮ್ಯಾನ್‌ಹೋಲ್ ದೃಶ್ಯದ ವಿಮರ್ಶೆ

ಮ್ಯಾನ್‌ಹೋಲಿಗೆ ಈಗ ಮನುಷ್ಯರು ಇಳಿಯುವುದಿಲ್ಲ, ಎಲ್ಲವನ್ನೂ ಯಂತ್ರವೇ ಮಾಡುತ್ತದೆ ಎಂದು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಂಬಿದ್ದೆವು. ಹಾಗಾಗಿ ಆ ವಾರ ನೋಡಿದ ಸಿನಿಮಾದಲ್ಲಿ ನಾಯಕನ ಅಪ್ಪ ಮ್ಯಾನ್‌ಹೋಲಿನೊಳಗೆ ಸಾಯುವ ದೃಶ್ಯ ಬರೀ ಹಳಸಲು ಕಣ್ಣೀರು ಎಂದು ನಾನೇ ತೀರ್ಪು ಕೊಟ್ಟಿದ್ದೆ.

ಭಾನುವಾರ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಳಚರಂಡಿ ಕಟ್ಟಿಕೊಂಡು ಹೊಲಸು ನೀರು ಹೊಸ್ತಿಲಿಗೆ ಬಂತು. ಫೋನ್ ಮಾಡಿದ ಮೇಲೆ ಯಂತ್ರದ ಲಾರಿ ಬಂತು, ಜೊತೆಗೊಬ್ಬ ಕೆಲಸಗಾರ. ಮುಚ್ಚಳ ಎತ್ತುತ್ತಿದ್ದ ಅವನನ್ನು, ಮಾತಿಗಿರಲಿ ಎಂದು, ಆ ಸಿನಿಮಾ ನೋಡಿದೆಯಾ ಎಂದು ಕೇಳಿದೆ.

“ನೋಡೇನ್ರಿ ಸರ. ಸುಳ್ಳ ತೋರಿಸ್ಯಾರ.”

ನನ್ನ ವಿಮರ್ಶೆಗೆ ಸಾಕ್ಷಿ ಸಿಕ್ಕಿತೆಂದು ಖುಷಿಯಾಯಿತು. “ಯಾವುದಪಾ ಸುಳ್ಳು?”

“ಅಂವ ಸಾಯೂ ಮುಂದ ಮಗನ ಹೆಸರ ಹಿಡದ ಒದರತಾನಲ್ರಿ. ಒಳಗ ಗ್ಯಾಸ್ ಬಡದ್ರ ದನೀನ ಬರೂದಿಲ್ರಿ. ನಮ್ಮಣ್ಣ ಹೋದಾಗ ನಾ ಮ್ಯಾಲೇ ನಿಂತಿದ್ನಿ. ಏನೂ ಕೇಳಿಸಲಿಲ್ಲ.”

ಪಕ್ಕದ ಮನೆಯವರು ಕಿಟಕಿಯಿಂದಲೇ, “ಸಿನಿಮಾ ಸಾಕ್ರಿ ಮಾಸ್ತರ್ರ, ಲಗೂ ಮಾಡಸ್ರಿ. ಇನ್ನೂ ನಮ್ಮ ಜಳಕ ಆಗಿಲ್ಲ” ಎಂದರು.

ಓಣಿ ಇಕ್ಕಟ್ಟು. ಲಾರಿ ಒಳಗೆ ಬರಲಿಲ್ಲ, ಅದರ ಪೈಪೂ ಮುಟ್ಟಲಿಲ್ಲ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇಳಿದ.