ಚಿಜಿ-ಸಾನ್‌ಗೆ ತಂದ ಹಾರ

ಈಗಲೂ ಯಾರಾದರೂ ಎದುರು ನಿಂತು ಚೀಲಕ್ಕೆ ಕೈ ಹಾಕಿದರೆ ನನ್ನ ಕಣ್ಣು ಆ ಕೈಯನ್ನು ಬಿಡುವುದಿಲ್ಲ. ಬೀದಿ ತುದಿಯ ಕೊಂಬಿನಿ ಅಂಗಡಿಯಲ್ಲಿ ಅಜ್ಜಿಯೊಬ್ಬರು ಚಿಲ್ಲರೆ ಹುಡುಕುತ್ತಿದ್ದರೂ ಅಷ್ಟೇ.

ನಾವಿರುವುದು ಜಪಾನಿನಲ್ಲಿ, ಕಾರಿನ ಬಿಡಿಭಾಗಗಳ ಕಾರ್ಖಾನೆಗಳಿರುವ ಊರು. ಈ ಪ್ರಾಂತ್ಯದ ಗವರ್ನರನ್ನು ಎಲ್ಲರೂ ಚಿಜಿ-ಸಾನ್ ಎನ್ನುತ್ತಿದ್ದರು. ಸಂಪ್ರದಾಯವಾದಿ ಪಕ್ಷದ ಬೆಂಬಲದಿಂದ ಗೆದ್ದು ಬಂದವರು. ಸಣ್ಣ ಆಸ್ಪತ್ರೆಗಳನ್ನು ಒಂದುಗೂಡಿಸಿ ಎದುರು ಪಕ್ಷದಿಂದ ಬೈಸಿಕೊಂಡರು. ಅರ್ಧ ಕಟ್ಟಿದ್ದ ಸಮ್ಮೇಳನ ಭವನದ ಕೆಲಸ ನಿಲ್ಲಿಸಿ, ಆ ದುಡ್ಡಿನಲ್ಲಿ ಹೊರದೇಶದ ಮಕ್ಕಳಿಗೆ ಜಪಾನೀ ಕಲಿಸಲು ಶಾಲೆಗಳಿಗೆ ಟೀಚರುಗಳನ್ನು ಕೊಟ್ಟು ಸ್ವಂತ ಪಕ್ಷದಿಂದಲೂ ಬೈಸಿಕೊಂಡರು. ಶಾಲೆಯಲ್ಲಿ ತುಟಿ ಬಿಚ್ಚದಿದ್ದ ನನ್ನ ಮಗಳು ಅಂಥ ಒಬ್ಬ ಟೀಚರ್ ಬಂದ ಮೇಲೆ ಮಾತಾಡತೊಡಗಿದ್ದಳು. ಈ ಸಲದ ಚುನಾವಣೆಯಲ್ಲಿ ಅವರ ಎದುರಾಳಿ ಆ ತರಗತಿಗಳನ್ನು ಮುಚ್ಚುತ್ತೇನೆಂದು ಹೇಳಿಕೊಂಡೇ ನಿಂತಿದ್ದ. ಹೊರದೇಶದವರಾದ ನಮಗೆ ವೋಟಿರಲಿಲ್ಲ.

ಸ್ಟೇಷನ್ ಎದುರು ಚಿಜಿ-ಸಾನ್ ಭಾಷಣವಿದ್ದ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋದೆ. ಮೇಲಿನ ಫ್ಲ್ಯಾಟಿನ ಮೈಸೂರಿನವರು, ನನ್ನ ಗಂಡನ ಸಹೋದ್ಯೋಗಿ, ಜೊತೆಗೆ ಬಂದರು. ಅವರ ಚೀಲದಲ್ಲಿ ಗಂಧದ ಹಾರ.

"ಸರ್, ಇಲ್ಲಿ ಹಾರ ಗೀರ ಎಲ್ಲಾ ಹಾಕಲ್ಲ."

"ಸುಮ್ನಿರಮ್ಮ. ನಮ್ಮ ಕಡೆ ಕಾರ್ಪೊರೇಟರ್‌ಗೇ ಕ್ರೇನಲ್ಲಿ ಸೇಬಿನ ಹಾರ ಹಾಕ್ತಾರೆ. ಇಷ್ಟು ಮಾಡಿರೋ ಮನುಷ್ಯನಿಗೆ ಇದೊಂದು ಹೆಚ್ಚಾ?"

"ಯಮೆತೆ, ಬೇಡ ಅಂಕಲ್! ಎಲ್ಲಾರೂ ನೋಡ್ತಾರೆ," ಎಂದು ಮಗಳು ಅವರ ಷರ್ಟು ಜಗ್ಗಿದಳು.

ಭಾಷಣ ಮುಗಿದ ಮೇಲೆ ಇಲ್ಲಿನ ಅಭ್ಯರ್ಥಿಗಳು ಪ್ರಚಾರದ ವ್ಯಾನಿನಿಂದ ಇಳಿದು ಬಂದು ನಿಂತವರ ಕೈ ಕುಲುಕುತ್ತಾರೆ. ವೋಟಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಚಿಜಿ-ಸಾನ್ ಬಿಳಿ ಕೈಗವಸು ತೆಗೆದು, ಸೊಂಟ ಬಗ್ಗಿಸಿ ಮಗಳ ಕೈ ಹಿಡಿದರು. ಶಾಲೆ ಹೇಗಿದೆ ಎಂದರು. ಖುಷಿಯಾಗಿದೆ ಎಂದು ಅವಳು ಜಪಾನೀಯಲ್ಲೇ, ಸ್ಪಷ್ಟವಾಗಿ ಹೇಳಿದಳು.

ಆಗ ಮೈಸೂರಿನವರು ಚೀಲಕ್ಕೆ ಕೈ ಹಾಕಿದರು.

ಇಬ್ಬರು ಕಾವಲಿನವರು ಹಾರಿ ಅವರ ತೋಳು ಹಿಡಿದರು. "ಸುಮಿಮಾಸೆನ್, ತಪ್ಪಾಯ್ತು! ಹಾರ ರೀ, ಬರೀ ಹಾರ!" ಎಂದು ಮೈಸೂರಿನವರು ಕೂಗಿದರು. ಎಲ್ಲರೂ ಅವರತ್ತ ತಿರುಗಿದ್ದಾಗ ಮಗ್ಗುಲಿನಿಂದ ಬೂದು ಜಾಕೆಟ್ಟಿನವನೊಬ್ಬ ನುಗ್ಗಿದ. ಅವನ ಕೈಯಲ್ಲಿ ಅಡುಗೆಮನೆಯ ಚಾಕು. ಚಿಜಿ-ಸಾನ್ ಇನ್ನೂ ಮಗಳ ಕೈ ಬಿಟ್ಟಿರಲಿಲ್ಲ. ಅವಳನ್ನು ನನ್ನತ್ತ ತಳ್ಳಿದರು. ಚಾಕು ಅವರ ಮುಂಗೈಯನ್ನು ಸೀಳಿತು. ದಿನವೂ ನಾನು ಮತ್ತೆ ನೋಡುವುದು ಇಷ್ಟನ್ನೇ: ಆ ತಳ್ಳುವಿಕೆ ಒಂದು ಗಳಿಗೆ ತಡವಾಗಿದ್ದರೆ ಚಾಕುವಿನ ದಾರಿಯಲ್ಲಿ ಇದ್ದದ್ದು ಅವಳ ಮುಖ.

ಆ ಚಾಕುವಿನವನು ಬೆಳಗಿನಿಂದ ಅಲ್ಲೇ ಹೊಂಚು ಹಾಕಿದ್ದನಂತೆ, ಪೊಲೀಸರು ಮೈಸೂರಿನವರಿಗೆ ಹೇಳಿದರು. ಅವರು ನಂಬಲಿಲ್ಲ. "ನಾನು ಬ್ಯಾಗಿಗೆ ಕೈ ಹಾಕ್ದೇ ಇದ್ದಿದ್ರೆ..." ಎನ್ನುತ್ತಾರೆ. ನಾನು ಟೀ ಕೊಟ್ಟು ಮಾತು ಬದಲಿಸುತ್ತೇನೆ.

ಚಿಜಿ-ಸಾನ್ ಬದುಕಿಕೊಂಡರು, ಚುನಾವಣೆಯಲ್ಲಿ ಸೋತರು. ಗೆದ್ದ ಎದುರಾಳಿ ಹೇಳಿದಂತೆಯೇ ಮಾಡಿದ. ಮಾರ್ಚ್‌ವರೆಗೆ ಮಾತ್ರ ಜಪಾನೀ ತರಗತಿ. ಮಗಳು ಶಾಲೆಯಲ್ಲಿ ಮತ್ತೆ ಮಾತು ನಿಲ್ಲಿಸಿದ್ದಾಳೆ. ಇರುವಷ್ಟು ದಿನ ಆ ಟೀಚರ್ ಊಟದ ಹೊತ್ತಿಗೆ ಅವಳ ಪಕ್ಕ ಸುಮ್ಮನೆ ಕೂತಿರುತ್ತಾರೆ.

ಮೊನ್ನೆ ಊಟ ಮಾಡುವಾಗ ಮಗಳು ಅವತ್ತು ಚಿಜಿ-ಸಾನ್ ಹಿಡಿದಿದ್ದ ತನ್ನ ಬಲಗೈಯನ್ನೇ ನೋಡುತ್ತ ಕೇಳಿದಳು, "ಅಮ್ಮಾ, ಚಿಜಿ-ಸಾನ್ ಕೈ ಇನ್ನೂ ನೋಯುತ್ತಾ?"

"ವಾಸಿಯಾಗಿರತ್ತೆ, ಪುಟ್ಟ."

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.