ಮುಖ ಮಾಯುವ ತನಕ ಹಾಲು ಕರೆದವರು

ಮೈಸೂರಿನ ಚರ್ಮದ ಡಾಕ್ಟರು ನನ್ನನ್ನು ಕೇಳಿದ್ದು ತೀರಾ ಸುಲಭದ ಪ್ರಶ್ನೆ. ಅದಕ್ಕೆ ನಾನು ತಪ್ಪು ಉತ್ತರ ಕೊಟ್ಟೆ. ಏನು ಕೆಲಸ ಮಾಡುತ್ತೀರಿ ಎಂದರು. ಮನೇಲೇ ಇರ್ತೀನಿ ಮೇಡಂ ಎಂದೆ. ಹಾಗಾದರೆ ಒಳ್ಳೆಯದೇ ಆಯಿತು, ಲೇಸರ್ ಮಾಡಿಸಿಕೊಂಡ ಮೇಲೆ ಒಂದೆರಡು ವಾರ ಮನೆ ಬಿಟ್ಟು ಹೊರಗೆ ಬರಬೇಡಿ, ಬಿಸಿಲು, ಧೂಳು, ಬೆವರು ಮುಖಕ್ಕೆ ತಾಗಬಾರದು ಎಂದು ಅವರು ಸಮಾಧಾನವಾಗಿ ಬರೆದುಕೊಂಡರು. ಅವರ ಲೆಕ್ಕದಲ್ಲಿ ಮನೆ ಎಂದರೆ ಫ್ಯಾನು, ಸೋಫಾ, ಕಿಟಕಿಗೆ ಪರದೆ. ನಮ್ಮ ಕಡೆ ಹೆಂಗಸು ಮನೆಯಲ್ಲಿದ್ದಾಳೆ ಎಂದರೆ ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆ, ಬೆಳಕು ಹರಿಯುವ ಹೊತ್ತಿಗೆ ಡೈರಿ, ಅದಾದ ಮೇಲೆ ಹುಲ್ಲು ಕುಯ್ಯಲು ಗದ್ದೆಯ ಬದು. ಈ ವ್ಯತ್ಯಾಸ ನನ್ನ ತಲೆಗೆ ಹೊಳೆದದ್ದು ಎಲ್ಲ ಮುಗಿದು, ಉರಿಯುವ ಮುಖ ಹೊತ್ತು ಕಾರಿನಲ್ಲಿ ವಾಪಸು ಬರುವಾಗ.

ಬಾಬುರಾಯನಕೊಪ್ಪಲಿನಲ್ಲಿ ನನ್ನ ಗಂಡ ಕಾಫಿಗೆಂದು ಕಾರು ನಿಲ್ಲಿಸಿದರು. ತುಟಿ ಅಗಲಿಸಿದರೆ ಕೆನ್ನೆ ಉರಿಯುತ್ತಿತ್ತು. ಎಳನೀರು ತರಿಸಿಕೊಂಡು ಕೊಳವೆಯಲ್ಲಿ ಹೀರುತ್ತಾ ಕೂತಾಗ, ಸಂಜೆಯ ಹಾಲು ಯಾರು ಕರೆಯುತ್ತಾರೆ ಎಂದು ಕೇಳಿದೆ. ಅವರು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದರು. ಅವರಿಗೂ ಅದು ಹೊಳೆದಿರಲಿಲ್ಲ.

ಹಸುವಿನ ವಿಷಯಕ್ಕೆ ಮೊದಲು ಮುಖದ ವಿಷಯ ಹೇಳಬೇಕು. ಹದಿಹರೆಯದಲ್ಲಿ ನನ್ನ ಮುಖದ ತುಂಬಾ ಮೊಡವೆ ಬಂದವು. ಮೊಡವೆ ಹೋದವು, ಗುಂಡಿಗಳು ಉಳಿದವು. ಸಂತೆಬಾಚಹಳ್ಳಿ ಕಡೆಯಿಂದ ಕೃಷ್ಣರಾಜಪೇಟೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹುಡುಗರು ನನಗೆ ಇಟ್ಟಿದ್ದ ಹೆಸರು 'ನಮ್ಮೂರ ರೋಡು'. ಆಮೇಲೆ ಆ ರಸ್ತೆಗೆ ಎರಡು ಸಲ ಡಾಂಬರು ಬಿತ್ತು, ನನಗೆ ಬೀಳಲಿಲ್ಲ. ಮದುವೆ ಮನೆಗೆ ಹೋದರೆ ಅರಿಶಿನ ಹಚ್ಚು, ಕಡಲೆಹಿಟ್ಟು ಹಚ್ಚು, ಲೋಳೆಸರ ಹಚ್ಚು ಎಂದು ಉಪದೇಶ ಮಾಡುವವರಿಗೆ ಬರವಿರಲಿಲ್ಲ. ಊರಿನ ಅರ್ಧ ಅಡುಗೆಮನೆ ನನ್ನ ಮುಖದ ಮೇಲೆ ಬಂದು ಹೋಗಿದೆ. ಚೆಂದ ಕಾಣುವ ಆಸೆ ಇರಲಿಲ್ಲ ಎಂದರೆ ಅದು ಸುಳ್ಳು. ಆದರೆ ಆಸೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕುತೂಹಲ. ಈ ಗುಂಡಿಗಳಿಲ್ಲದಿದ್ದರೆ ನಾನು ಯಾರ ಹಾಗೆ ಕಾಣುತ್ತಿದ್ದೆ? ಅವ್ವನ ಹಾಗೋ, ಸೋದರತ್ತೆಯ ಹಾಗೋ? ಮಕ್ಕಳು ದೊಡ್ಡವರಾಗಿ ಹಾಸ್ಟೆಲ್ ಸೇರಿದ ಮೇಲೆ, ಇನ್ನು ನೋಡಿಯೇ ಬಿಡೋಣ ಎಂದು ಹೊರಟೆ.

ನನ್ನ ಗಂಡನ ತಾಯಿ, ನಮ್ಮ ಅತ್ತೆಗೂ ಮುಖದ ತುಂಬ ಗುಂಡಿಗಳಿವೆ. ಅವರು ಚಿಕ್ಕವರಿದ್ದಾಗ ಸಿಡುಬು ಎದ್ದು ಬದುಕಿ ಉಳಿದವರು. ನನ್ನವು ಮೊಡವೆಯ ಗುಂಡಿ, ಅವರವು ಊರದೇವತೆ ಅಮ್ಮ ಕೊಟ್ಟದ್ದು. ಹಾಗಾಗಿ ನಮ್ಮ ಮನೆಯಲ್ಲಿ ಅವರ ಗುಂಡಿಗಳಿಗೆ ಮರ್ಯಾದೆ ಹೆಚ್ಚು. ಅವುಗಳ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ, ಅವರೂ ಮಾತಾಡುತ್ತಿರಲಿಲ್ಲ. ಅವರು ಕನ್ನಡಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ದಿನಾ ಸ್ನಾನ ಮಾಡಿ, ಒಲೆಯ ಮುಂದೆ ನಿಂತು, ಉಂಗುರದ ಬೆರಳಲ್ಲಿ ಕುಂಕುಮ ಒತ್ತಿಕೊಂಡರೆ ಅದು ಹುಬ್ಬಿನ ನಡುವೆ ನೂಲು ಹಿಡಿದಂತೆ ಕೂರುತ್ತಿತ್ತು. ಅದನ್ನು ನಾನು ಅವರ ಕೈಚಳಕ ಎಂದುಕೊಂಡಿದ್ದೆ. ಲೇಸರ್ ಎಂದರೇನು ಎಂದು ವಿವರಿಸಿದಾಗ, ಮುಖ ಸುಡಿಸಿಕೊಳ್ಳುವುದಕ್ಕೂ ದುಡ್ಡು ಕೊಟ್ಟು ಹೋಗುತ್ತಾರಾ ಎಂದು ಕೇಳಿ ಎದ್ದು ಹೋಗಿದ್ದರು.

ಈಗ ಹಸು. ಚೊಚ್ಚಲ ಕರು ಹಾಕಿದ್ದ ಸೀಮೆ ಹಸು, ತುಂಬಿದ ಕೆಚ್ಚಲು. ಕರುವಾಗಿ ಬಂದಾಗಿನಿಂದ ನನ್ನ ಕೈಯಲ್ಲೇ ಬೆಳೆದದ್ದು. ಅವತ್ತು ಸಂಜೆ ನನ್ನ ಗಂಡ ಕರೆಯಲು ಕೂತರು, ಪಾತ್ರೆ ಒದೆಯಿತು. ಮಾವ ಕೂತರು, ಅವರನ್ನೇ ಒದೆಯಿತು. ಅತ್ತೆ ಕೂತರೆ ಒದೆಯಲಿಲ್ಲ, ಆದರೆ ಹಾಲನ್ನು ಬಿಗಿಹಿಡಿದು ಸುಮ್ಮನೆ ನಿಂತಿತು. ಕರು ಬಿಟ್ಟು ಎಳೆದುಕೊಂಡರೂ ಅಷ್ಟೇ. ಮಾರನೆಯ ಬೆಳಿಗ್ಗೆಯೂ ಅದೇ ಕತೆ. ಅಷ್ಟು ಹಾಲು ಒಳಗೇ ನಿಂತರೆ ಕೆಚ್ಚಲು ಬಾವು ಬರುತ್ತದೆ, ಒಮ್ಮೆ ಬಾವು ಬಂದರೆ ಮೊಲೆ ಕೆಟ್ಟಿತು, ಆ ಹಸುವಿನ ಬಾಳು ಮುಗಿಯಿತು. ನನ್ನ ಮುಖವೋ ಆ ಹೊತ್ತಿಗೆ ಊದಿ ಕಣ್ಣು ಮುಚ್ಚುವ ಹಾಗಾಗಿತ್ತು, ಕೆನ್ನೆಯಿಂದ ಹಳದಿ ನೀರು ಇಳಿಯುತ್ತಿತ್ತು. ಕೊಟ್ಟಿಗೆಗೆ ಹೋಗಿ ಸಗಣಿ ಮೆತ್ತಿದ ಬಾಲದಿಂದ ಒಂದು ಏಟು ತಿಂದರೆ ಇಷ್ಟೂ ಕೀವಾಗುವುದು ಖಂಡಿತ. ಆದರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಎದ್ದೆ. ನನ್ನ ಚಪಲಕ್ಕೆ ಆ ಮೂಕಪ್ರಾಣಿ ಯಾಕೆ ಅನುಭವಿಸಬೇಕು?

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಕುಂತ್ಕ ಅಲ್ಲೇ. ಮಖ ಸುಡುಸ್ಕಂಡಾಗೈತೆ, ಅದ್ನೂ ಕೆಡುಸ್ಕಂಡ್ರೆ ಏನ್ ಬಂತು?" ಎಂದು ಗದರಿಸಿ, ಹೊರಗೆ ಹೋಗಿ, ಒಗೆದು ಹಗ್ಗದ ಮೇಲೆ ಒಣಹಾಕಿದ್ದ ನನ್ನ ನೈಟಿ ಎಳೆದುಕೊಂಡರು. ಒಗೆಯಲು ಇಟ್ಟಿದ್ದ ಇನ್ನೊಂದನ್ನು ನೋಡಿ, ಈ ಒಗೆದದ್ದು ಬೇಡ, ಆ ಕೊಳೆಯದೇ ಇರಲಿ, ಅದರಲ್ಲಿ ನಿನ್ನ ವಾಸನೆ ಇದೆ ಎಂದು ಬದಲಾಯಿಸಿದರು. ನೈಟಿ ಎಂದರೆ ಮೂಗು ಮುರಿಯುತ್ತಿದ್ದ ಹೆಂಗಸು. ಅದು ಬಟ್ಟೆಯಲ್ಲ, ತಲೆದಿಂಬಿನ ಚೀಲ ಎನ್ನುತ್ತಿದ್ದವರು. ಸೀರೆಯ ಮೇಲೆಯೇ ಅದನ್ನು ಇಳಿಬಿಟ್ಟುಕೊಂಡು, ನಾನು ತಲೆಗೆ ಕಟ್ಟುವ ಟವೆಲ್ಲು ಕಟ್ಟಿಕೊಂಡು ಕೊಟ್ಟಿಗೆಗೆ ನಡೆದರು. ಕೊಟ್ಟಿಗೆಯ ಕಡೆ ಇರುವ ಕಿಟಕಿಯಲ್ಲಿ ನನ್ನನ್ನು ಕೂರಿಸಿ, ದಿನಾ ಹೇಗೆ ಮಾತಾಡಿಸುತ್ತೀಯೋ ಹಾಗೆ ಮಾತಾಡಿಸು ಎಂದರು. ನಾನು ಒಳಗಿನಿಂದ ಬಾ ತಾಯಿ, ಕೊಡು ಕಂದಾ ಎನ್ನುತ್ತಿದ್ದೆ. ಬಟ್ಟೆ ನನ್ನದು, ದನಿ ನನ್ನದು, ಕೈ ಅತ್ತೆಯದು. ಹಸು ಒಮ್ಮೆ ತಿರುಗಿ ನೈಟಿ ಮೂಸಿತು, ಕಿಟಕಿಯ ಕಡೆ ಕಿವಿ ಮಾಡಿತು, ಆಮೇಲೆ ಪಾತ್ರೆಯಲ್ಲಿ ಚರ್ ಎಂದು ಹಾಲು ಬಿದ್ದ ಸದ್ದು ಕೇಳಿಸಿತು.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಕಾಯಿಸಿ ಆರಿಸಿದ ನೀರಲ್ಲಿ ಮುಖ ತೊಳೆಯುವುದು, ಮುಲಾಮು ಹಚ್ಚುವುದು, ತಲೆ ಎತ್ತರಿಸಿ ಒರಗಿ ಮಲಗುವುದು, ಇಷ್ಟೇ ನನ್ನ ಕೆಲಸ. ಊತ ಇಳಿದು ಮುಖವೆಲ್ಲ ಕಾಫಿಪುಡಿ ಮೆತ್ತಿದಂತೆ ಕಂದುಬಣ್ಣಕ್ಕೆ ತಿರುಗಿತು. ತುರಿಕೆ ಎಂದರೆ ಎಂಥ ತುರಿಕೆ! ಕೆರೆಯಬಾರದು, ಚಕ್ಕೆ ಕೀಳಬಾರದು. ಕೈ ತಾನಾಗಿ ಏಳುತ್ತಿತ್ತು, ಅದರ ಮೇಲೆ ಕೂತುಕೊಳ್ಳುತ್ತಿದ್ದೆ. ಆದರೂ ಬೇಸರ ಬರಲಿಲ್ಲ. ನನ್ನ ಮುಖವನ್ನು ಇಪ್ಪತ್ತು ವರ್ಷ ಕದ್ದು ನೋಡಿದ್ದವಳು ಈಗ ಕನ್ನಡಿ ಹಿಡಿದು, ಪೈರು ಎಲ್ಲೆಲ್ಲಿ ಎದ್ದಿದೆ ಎಂದು ಪಾತಿ ನೋಡುವವಳಂತೆ ನೋಡಿದ್ದೇ ನೋಡಿದ್ದು. ದವಡೆಯ ಹತ್ತಿರ ಮೊದಲ ಚಕ್ಕೆ ತಾನಾಗಿ ಉದುರಿದಾಗ ಒಳಗೆ ಗುಲಾಬಿ ಬಣ್ಣದ ಎಳೇ ಚರ್ಮ ಕಂಡಿತು. ಇದು ಯಾರದು ಎನ್ನಿಸಿತು.

ಒಂದು ಸಂಜೆ ಅತ್ತೆ ನೈಟಿಯಲ್ಲೇ ಕ್ಯಾನು ಹಿಡಿದು ಡೈರಿಗೆ ಹೋದರು. ಬಿಚ್ಚಿಟ್ಟು ಹೋಗಿ ಎಂದರೆ, ಹಾಲಿಗೆ ಹೊತ್ತಾಯಿತು ಎಂದು ಕೇಳಲಿಲ್ಲ. ವಾಪಸು ಬಂದವರು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಗಿದ್ದಿಷ್ಟು. ನಾನು ಮುಖಕ್ಕೆ ಲೇಸರ್ ಮಾಡಿಸಿಕೊಂಡ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಮಬ್ಬುಗತ್ತಲಲ್ಲಿ ಎದುರಿಗೆ ಬಂದ ಪಕ್ಕದ ಬೀದಿಯ ಮುದುಕಿ ನೈಟಿ, ಟವೆಲ್ಲು ನೋಡಿ ನಾನೇ ಎಂದುಕೊಂಡಿದ್ದಳು. ಹತ್ತಿರ ಬಂದು ಮುಖ ದಿಟ್ಟಿಸಿ, "ಅಯ್ಯೋ ಮಗಳೇ, ಆ ಡಾಕ್ಟ್ರು ಮನೆ ಆಳಾಗ, ಇದ್ದುದ್ನೂ ಕೆಡುಸ್ಬುಟ್ರಲ್ಲವ್ವಾ" ಎಂದು ಎದೆ ಬಡಿದುಕೊಂಡಳಂತೆ. ಅತ್ತೆ ಅವಳ ದನಿಯಲ್ಲೇ ಅದನ್ನು ಮತ್ತೆ ಮತ್ತೆ ಹೇಳಿ ನಕ್ಕರು. ನನಗೆ ಬಾಯಿ ಬಿಟ್ಟು ನಗುವಂತಿರಲಿಲ್ಲ, ತುಟಿ ಬಿಗಿಹಿಡಿದು ಗೊಳ್ ಎನ್ನುವುದನ್ನು ತಡೆದುಕೊಂಡೆ.

ನಗು ನಿಂತಿತು. ಅತ್ತೆ ಟವೆಲ್ಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಕತ್ತಲಲ್ಲವಾ, ಅವಳಿಗೂ ಕಣ್ಣು ಮಂಜು ಎಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು. "ಅಷ್ಟು ಕೆಟ್ದಾಗೈತೇನವ್ವ ನನ್ ಮಖ?"

ಇಲ್ಲ ಅತ್ತೆ ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಲೆಯ ಮುಂದೆ ಕನ್ನಡಿಯಿಲ್ಲದೆ ಕುಂಕುಮ ಇಡುವುದು ಕೈಚಳಕವಲ್ಲ ಎಂದು ನನಗೆ ಆಗ ಅರ್ಥವಾಯಿತು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿ, ನನ್ನ ಗುಂಡಿಗಳಿಗಷ್ಟೇ ನೋವಿದೆ ಎಂದುಕೊಂಡಿದ್ದೆನಲ್ಲ. ಕಣ್ಣೀರು ಇಳಿದು ಎಳೇ ಚರ್ಮದ ಮೇಲೆ ಮೆಣಸಿನಕಾಯಿ ಹಚ್ಚಿದಂತೆ ಉರಿಯಿತು.

ಅವತ್ತಿನಿಂದ ದಿನಾ ಹಾಲು ಕಾಯಿಸಿಟ್ಟ ಮೇಲೆ ಮೊಬೈಲಿನ ಟಾರ್ಚು ಹಿಡಿದು ನನ್ನ ಮುಖ ನೋಡಲು ಶುರುಮಾಡಿದರು. ಮೊದಲು ಉರಿ ಕಡಿಮೆಯಾಯಿತಾ ಎಂದಷ್ಟೇ ಕೇಳುತ್ತಿದ್ದವರು, ಈಗ ಇಲ್ಲಿದ್ದದ್ದು ತುಂಬಿಕೊಂಡಿತಾ, ಇದು ಪೂರ್ತಿ ಹೋಗುತ್ತಾ, ಹಳೆಯ ಗುಂಡಿಯೂ ಹೋಗುತ್ತಾ ಎಂದು ಕೇಳುತ್ತಿದ್ದರು. ಎಲ್ಲ ಹೋಗುವುದಿಲ್ಲ, ಆಳ ಕಡಿಮೆಯಾಗುತ್ತದೆ, ಇನ್ನೊಂದೆರಡು ಸಲ ಮಾಡಬೇಕಾಗುತ್ತದೆ ಎಂದು ನಾನು ಡಾಕ್ಟರಂತೆ ಹೇಳುತ್ತಿದ್ದೆ. ಅಮ್ಮ ಕೊಟ್ಟದ್ದನ್ನು ತೆಗೆಸಿದರೆ ಅಮ್ಮನಿಗೆ ಕೋಪ ಬರುತ್ತದಾ ಎಂದು ಒಂದು ಸಲ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವಳಿಗೂ ಅಷ್ಟು ದಿನದ ನೆನಪು ಇರುತ್ತಾ ಎಂದು ತಾವೇ ಸಮಾಧಾನ ಹೇಳಿಕೊಂಡರು.

ಚಕ್ಕೆಗಳೆಲ್ಲ ಉದುರಿ ಮುಖ ಮಾಯ್ದ ಮೇಲೆ ನಾನು ಸಡಗರದಿಂದ ಕೊಟ್ಟಿಗೆಗೆ ಹೋದೆ. ಮುಖ ಕೆಂಪಗಿತ್ತು, ಅದಕ್ಕೆ ದಪ್ಪಗೆ ಸನ್‌ಸ್ಕ್ರೀನ್ ಹಚ್ಚಿದ್ದೆ. ನಾನು ಅವ್ವನ ಹಾಗೂ ಕಾಣುತ್ತಿರಲಿಲ್ಲ, ಸೋದರತ್ತೆಯ ಹಾಗೂ ಕಾಣುತ್ತಿರಲಿಲ್ಲ, ಸ್ವಲ್ಪ ನುಣ್ಣಗಾದ ನಾನೇ ಆಗಿದ್ದೆ. ಹಸು ನನ್ನ ಕೆನ್ನೆ ಮೂಸಿತು, ಆ ಕ್ರೀಮಿನ ವಾಸನೆಗೆ ಮೂಗು ಅರಳಿಸಿ ತಲೆ ಕೊಡವಿತು, ಪಾತ್ರೆ ಒದೆಯಿತು. ಅತ್ತೆ ಹಿಂದಿನಿಂದ ನೈಟಿ ಹಾಕಿಕೊಳ್ಳುತ್ತಾ ಬಂದು ನನ್ನನ್ನು ಎಬ್ಬಿಸಿದರು. ಈಗ ಅದಕ್ಕೆ ಕಿಟಕಿಯ ದನಿಯೂ ಬೇಕಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ತಪಾಸಣೆಗೆ ಮತ್ತೆ ಮೈಸೂರಿಗೆ ಹೋಗಬೇಕಾಯಿತು. ಬೆಳಗಿನ ಹಾಲು ಡೈರಿಗೆ ಹಾಕಿ ಹೊರಟರೆ ಸಂಜೆಯ ಹಾಲಿಗೆ ವಾಪಸಾಗಬಹುದು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಜರಿಯಂಚಿನ ಸೀರೆ ಉಟ್ಟು ಆಚೆಗೆ ಬಂದರು. ತಾನೂ ಬರುತ್ತೇನೆ ಎಂದರು. ಅವರ ಹಣೆಯ ಕುಂಕುಮ ಒಂದು ಪಕ್ಕಕ್ಕೆ ಸೊಟ್ಟಗೆ ಕೂತಿತ್ತು. ನನ್ನ ಕನ್ನಡಿ ಮೊದಲಿದ್ದ ಜಾಗ ಬಿಟ್ಟು ಒಲೆಯ ಹತ್ತಿರದ ಗೂಡಿಗೆ ಬಂದಿದ್ದನ್ನು ಆಗ ನೋಡಿದೆ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವ ತನಕ ಅವರು ಕಿಟಕಿಯ ಪಕ್ಕ ಕೂತು, ಬಸ್ಸಿನೊಳಗಿನ ಹೆಂಗಸರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು.

ಡಾಕ್ಟರು ನನ್ನ ಕೆನ್ನೆ ಒತ್ತಿ ನೋಡಿ, ಚೆನ್ನಾಗಿ ಮಾಯ್ದಿದೆ, ಮನೆಯಲ್ಲಿ ಒಳ್ಳೆಯ ರೆಸ್ಟ್ ತೆಗೆದುಕೊಂಡಿದ್ದೀರಿ ಎಂದು ಮೆಚ್ಚಿದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದರು, ಅವರ ಮುಖವನ್ನೂ ನೋಡಿದರು. ಕುರ್ಚಿ ತೋರಿಸಿ, ನೀವೇನು ಕೆಲಸ ಮಾಡ್ತೀರಮ್ಮ ಎಂದು ಕೇಳಿದರು.

ಅತ್ತೆ ಕೂತು, ಸೆರಗು ಸರಿ ಮಾಡಿಕೊಂಡು, ಮುಖವನ್ನು ಬೆಳಕಿಗೆ ಎತ್ತಿದರು. "ನಮ್ಮನೇಲಿ ಸೀಮೆ ಅಸ ಐತೆ ಕಣವ್ವ. ನಾನ್ ಕೂತ್ರೇನೇ ಅದು ಆಲು ಕೊಡೋದು. ಮೊದ್ಲು ಅದುಕ್ಕೊಂದು ದಾರಿ ಹೇಳು, ಆಮ್ಯಾಕೆ ನನ್ ಮಖ ನೋಡು."